ಇಬ್ಬರೂ ಅರ್ಜಿ ಹಾಕಿದರೆ ಖರ್ಚು ಯಾರ ತಲೆಗೆ?

ಶಿಗ್ಗಾವಿಯ ಓದುಗರೊಬ್ಬರು ಬರೆದಿದ್ದಾರೆ: ‘ತಡಸ ಕ್ರಾಸ್ ಹತ್ರ ನನ್ನ ತಮ್ಮನ ಬೈಕಿಗೂ ಹುಬ್ಬಳ್ಳಿಯವರೊಬ್ಬರ ಬೈಕಿಗೂ ಡಿಕ್ಕಿ ಆಗಿ ಇಬ್ಬರ ಕಾಲೂ ಮುರದಾವ. ತಮ್ಮ ಹಾವೇರಿಯೊಳಗ ಪರಿಹಾರದ ಅರ್ಜಿ ಹಾಕ್ಯಾನ. ಈಗ ಅವರು ಹುಬ್ಬಳ್ಳಿಯೊಳಗ ಇವನ ಮ್ಯಾಲೆ ಹಾಕ್ಯಾರ. ಸೋತ್ರ ಅವರ ವಕೀಲರ ಫೀನೂ ನಾವ ಕೊಡಬೇಕಾಗ್ತದೇನ್ರಿ? ಗೆದ್ದವ ಸೋತ, ಸೋತವ ಸತ್ತ ಅಂತಾರ ನಮ್ಮ ಕಾಕಾ. ಅರ್ಜಿ ವಾಪಸ್ ತಗೊಳ್ಳೋದ ಚೊಲೋ ಅನಸ್ತದ.’

ವಾಪಸ್ ಮಾತ್ರ ತಗೊಬ್ಯಾಡ್ರಿ. ಇಂಥ ಅರ್ಜಿಗೆ ಅಪಘಾತವಾದ ಆರು ತಿಂಗಳೊಳಗೆ ಎಂಬ ಗಡುವು 2022ರ ಏಪ್ರಿಲ್ 1ರಿಂದ ಕಾನೂನಿನಲ್ಲಿದೆ. ಒಮ್ಮೆ ಹಿಂತೆಗೆದು ಮತ್ತೆ ಹಾಕಹೋದರೆ ಅದೇ ಹೊಸ ತಂಟೆ.

ಕಾಕಾ ಹೇಳಿದ್ದು ಸಿವಿಲ್ ದಾವೆಯ ಅನುಭವದ ಮಾತಿರಬೇಕು. ಅಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮಿನ ಪ್ರಕಾರ ಸೋತವರೇ ಖರ್ಚು ಕೊಡಬೇಕು. ಹಾಗೆ ಕೊಡಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಪ್ರತಿವಾದಿ ಪ್ರತಿದಾವೆ ಹೂಡಿದರೆ ಅದನ್ನು ಬೇರೆಯದೇ ದಾವೆಯಂತೆ ನೋಡುತ್ತಾರೆ. ಹಾಗಾಗಿ ಒಬ್ಬನೇ ಒಂದರಲ್ಲಿ ಖರ್ಚು ಪಡೆದು ಇನ್ನೊಂದರಲ್ಲಿ ತೆರಬೇಕಾಗಬಹುದು. ಆದರೂ ಕೋರ್ಟು ಕೊಡಿಸುವ ಖರ್ಚಿಗೂ ವಕೀಲರಿಗೆ ನಾವು ಎಣಿಸಿಕೊಟ್ಟ ಹಣಕ್ಕೂ ಅಜಗಜಾಂತರ. ಸುಳ್ಳು ದಾವೆಗೆಂದು ಕೊಡಿಸುವ ಪರಿಹಾರ ಖರ್ಚಿನ ಮಿತಿ ಬರೀ 3,000 ರೂಪಾಯಿ. ಇದು ತೀರಾ ಕಡಿಮೆ, ಏರಿಸಿ ಎಂದು ಸುಪ್ರೀಂ ಕೋರ್ಟೇ 2011ರಲ್ಲಿ ಹೇಳಿತ್ತು.

ನಿಮ್ಮ ತಮ್ಮನದು ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರ ಕೇಳುವ ಅರ್ಜಿ. ಇಲ್ಲಿ ಪ್ರಶ್ನೆ ಗೆಲುವು ಸೋಲಿನದಲ್ಲ, ತಪ್ಪಿನ ಪಾಲಿನದು. ತಮ್ಮನ ನಷ್ಟ 5 ಲಕ್ಷ, ತಪ್ಪು ನೂರಕ್ಕೆ 40 ಎನ್ನೋಣ. ಆ ಹುಬ್ಬಳ್ಳಿಯವರ ವಿಮಾ ಕಂಪನಿಯಿಂದ ಇವನಿಗೆ 3 ಲಕ್ಷ. ಅವರ ನಷ್ಟ 4 ಲಕ್ಷವಾದರೆ, ನಿಮ್ಮ ಬೈಕಿನ ವಿಮಾ ಕಂಪನಿಯಿಂದ ಅವರಿಗೆ 1.6 ಲಕ್ಷ. ಒಂದರಲ್ಲಿ ಇನ್ನೊಂದನ್ನು ಕಳೆಯುವ ಮಾತಿಲ್ಲ, ಕೊಡುವ ಕಂಪನಿಗಳು ಬೇರೆ ಬೇರೆ. ವಿಮೆ ಚಾಲ್ತಿಯಲ್ಲಿದ್ದರೆ ಆದೇಶದಲ್ಲಿ ಬರೆದ ಖರ್ಚನ್ನೂ ಸಾಮಾನ್ಯವಾಗಿ ಕಂಪನಿಯೇ ಕಟ್ಟುತ್ತದೆ. ತಮ್ಮನ ಕಿಸೆಯಿಂದ ಹೋಗುವುದು ತನ್ನ ವಕೀಲರ ಫೀ. ಅದರ ಮಾತು ಈಗಲೇ ಆಡಿ ಮುಗಿಸಿ, ಚೆಕ್ ಬಂದ ಮೇಲೆ ಅಲ್ಲ.

ಇಂಗ್ಲೆಂಡಿನಲ್ಲಿ ನಿಮ್ಮ ಪ್ರಶ್ನೆಯೇ ದೊಡ್ಡ ಜಗಳವಾಗಿತ್ತು. ಗಾಯಾಳು ಸೋತರೂ ಸಾಮಾನ್ಯವಾಗಿ ಎದುರಾಳಿಯ ಖರ್ಚು ತೆರಬೇಕಿಲ್ಲ ಎಂಬ ನಿಯಮ ಅಲ್ಲಿ 2013ರಲ್ಲಿ ಬಂತು. ಪ್ರತಿವಾದಿಯೂ ಗಾಯಾಳುವಾಗಿ ಪ್ರತಿದಾವೆ ಹೂಡಿದ್ದರೆ? ಅವನಿಗೂ ಈ ರಕ್ಷಣೆ ಉಂಟೆಂದು 2018ರಲ್ಲಿ ನ್ಯೂಕ್ಯಾಸಲ್‌ನ ನ್ಯಾಯಾಧೀಶರು ಹೇಳಿದರೆ, ಅದೇ ವರ್ಷ ಬ್ರೈಟನ್‌ನವರು ಇಲ್ಲವೆಂದರು. ನಮ್ಮಲ್ಲಿ ಈ ವಾದ ಹುಟ್ಟದಿರಲು ನಮ್ಮ ಕಾನೂನಿನ ಜಾಣತನ ಕಾರಣವಲ್ಲ. ಕೊಡಿಸುವ ಖರ್ಚು ಅಷ್ಟು ಚಿಲ್ಲರೆ, ಅದಕ್ಕಾಗಿ ಯಾರು ಮೇಲ್ಮನವಿಗೆ ಹೋಗುತ್ತಾರೆ?

ನನಗೆ ಚಿಂತೆ ಹಚ್ಚಿದ್ದು ಎರಡು ಊರಿನ ಎರಡು ಅರ್ಜಿ. ಗಾಯಾಳು ತಾನಿರುವ ಊರಲ್ಲೇ ಅರ್ಜಿ ಹಾಕಬಹುದು, ಅದರಲ್ಲಿ ಅವರ ತಪ್ಪಿಲ್ಲ. ಆದರೆ ತಮ್ಮನ ತಪ್ಪು ಹಾವೇರಿಯಲ್ಲಿ ನೂರಕ್ಕೆ 40 ಎಂದು, ಹುಬ್ಬಳ್ಳಿಯಲ್ಲಿ 70 ಎಂದು ಬರೆದರೆ ಎರಡು ಮೇಲ್ಮನವಿ, ಎರಡು ಫೀ. ಎರಡನ್ನೂ ಒಂದೇ ಕಡೆ ವರ್ಗಾಯಿಸಿ ಎಂದು ಧಾರವಾಡದ ಹೈಕೋರ್ಟ್ ಪೀಠಕ್ಕೆ ಅರ್ಜಿ ಕೊಡುವ ಬಗ್ಗೆ ವಕೀಲರನ್ನು ಕೇಳಿ. ಡಾಕ್ಟರು, ಪೊಲೀಸರು ಒಮ್ಮೆ ಬಂದು ಸಾಕ್ಷಿ ಹೇಳಿದರೆ ಸಾಕಾದೀತು. ಲೋಕ ಅದಾಲತ್ತಿನಲ್ಲಿ ಒಂದನ್ನೇ ಮುಗಿಸುವುದಾದರೆ, ತಪ್ಪು ಯಾರದೆಂದು ಜಂಟಿ ಮೆಮೊದಲ್ಲಿ (ಎರಡೂ ಕಡೆಯವರು ಸಹಿ ಮಾಡುವ ರಾಜಿ ಪತ್ರ) ಏನು ಬರೆದಿದ್ದಾರೆ ಎಂದು ಓದಿಯೇ ಸಹಿ ಮಾಡಿ.

ಪತ್ರದಲ್ಲಿ ಒಂದು ವಿಷಯ ನೀವು ಬರೆದಿಲ್ಲ: ಅವತ್ತು ತಮ್ಮನ ಹತ್ತಿರ ಲೈಸೆನ್ಸ್ ಇತ್ತೇ? ಇಲ್ಲದಿದ್ದರೆ ಕಂಪನಿ ಹುಬ್ಬಳ್ಳಿಯವರಿಗೆ ಕೊಟ್ಟ ಆ 1.6 ಲಕ್ಷವನ್ನು ಬೈಕಿನ ಮಾಲೀಕರಿಂದ ವಸೂಲು ಮಾಡುವಂತೆ ಆದೇಶವಾಗಬಹುದು. ಇದ್ದರೆ, ಹುಬ್ಬಳ್ಳಿಯ ನೋಟಿಸು, ಪಾಲಿಸಿ, ಲೈಸೆನ್ಸ್ ಮೂರರ ಝೆರಾಕ್ಸನ್ನೂ ಈ ವಾರವೇ ನಿಮ್ಮ ವಿಮಾ ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

– ಸಂಪಾದಕ