ಮೊಮ್ಮಗನ ‘ನೀನು’

ಪ್ರಶ್ನೆ: ನನಗೆ 74 ವರ್ಷ. ಹುಡುಗನಾಗಿದ್ದಾಗಲೇ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಅಲ್ಲಿನ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವನು. ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದೇನೆ, ಹಾಲ್‌ನಲ್ಲಿ ಮಲಗುತ್ತೇನೆ. ಕಳೆದ ತಿಂಗಳು ಮಾಟುಂಗದಲ್ಲಿ ಒಂದು ಕನ್ನಡ ಕಾರ್ಯಕ್ರಮಕ್ಕೆ ಹೋಗಿದ್ದಾಗ, ನನ್ನ 20 ವರ್ಷದ ಮೊಮ್ಮಗ ನನ್ನ ಹಳೆಯ ಸ್ನೇಹಿತರೊಬ್ಬರಿಗೆ ಎಲ್ಲರೆದುರು ‘ನೀನು ಯಾವಾಗ ಬಂದೆ?’ ಎಂದ. ಕಟ್ಟಡದ ವಾಚ್‌ಮನ್‌ಗೆ ಹಿಂದಿಯಲ್ಲಿ ‘ಆಪ್’ (ನೀವು) ಎನ್ನುವವನು ಇವನು! ರಾತ್ರಿ 11ಕ್ಕೆ ಬಂದರೆ ಬೂಟು ಕೈಯಲ್ಲಿ ಹಿಡಿದು ಕಳ್ಳನಂತೆ ಒಳಗೆ ನುಸುಳುತ್ತಾನೆ. ಊಟಕ್ಕೆ ಕುಳಿತರೂ ಮೊಬೈಲ್. ಅಂದಿನಿಂದ ಅವನೊಡನೆ ಮಾತು ಬಿಟ್ಟಿದ್ದೇನೆ. ನಾನು ಮಾಡಿದ್ದು ಸರಿಯೇ?

ಉತ್ತರ: ಹಿರಿಯರೇ, ಜೀವಮಾನದ ಗೆಳೆಯರ ಮುಂದೆ ತಲೆ ತಗ್ಗಿಸುವಂತಾದ ನಿಮ್ಮ ನೋವು ಸಣ್ಣದಲ್ಲ. ಆದರೆ ವಾಚ್‌ಮನ್ ಪ್ರಸಂಗವನ್ನು ನೀವು ಮೊಮ್ಮಗನ ಮೇಲಿನ ದೂರಾಗಿ ಬರೆದಿದ್ದರೂ ನನಗೆ ಅದು ಅವನ ಪರವಾದ ಸಾಕ್ಷಿಯಾಗಿಯೇ ಕಾಣುತ್ತದೆ. ಹಿಂದಿಯನ್ನು ಅವನು ಶಾಲೆಯಲ್ಲಿ, ಅಂಗಡಿಯಲ್ಲಿ, ರೈಲಿನಲ್ಲಿ, ದೊಡ್ಡವರು ತಮ್ಮತಮ್ಮೊಳಗೆ ಆಡುವುದನ್ನು ದಿನವೂ ಕೇಳುತ್ತಾ ಕಲಿತ. ಕನ್ನಡವಾದರೋ ಅವನಿಗೆ ನಾಲ್ಕು ಗೋಡೆಗಳ ನಡುವಿನ ಭಾಷೆ, ಅಲ್ಲಿ ಹುಟ್ಟಿದಂದಿನಿಂದ ಎಲ್ಲರೂ ಅವನಿಗೆ ಹೇಳಿದ್ದು ‘ನೀನು ಬಾ, ಉಣ್ಣು, ಮಲಗು’ ಎಂದೇ. ‘ನೀವು ಯಾವಾಗ ಬಂದಿರಿ?’ ಎಂಬ ಮಾತು ಅವನ ಕಿವಿಗೆ ಎಷ್ಟು ಬಾರಿ ಬಿದ್ದೀತು? ಮರಾಠಿ ಗೆಳೆಯರು ತಮ್ಮ ಆಯಿಯನ್ನು (ತಾಯಿಯನ್ನು) ‘ತೂ’ (ನೀನು) ಎಂದು ಮಾತನಾಡಿಸುವುದನ್ನು ನೋಡುತ್ತಾ ಬೆಳೆದವನಿಗೆ ಏಕವಚನದಲ್ಲಿ ಸಲಿಗೆಯೇ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ನಮ್ಮಲ್ಲೂ ತಾಯಿಯನ್ನು, ದೇವರನ್ನು ‘ನೀನು’ ಎನ್ನುವುದು ವಾಡಿಕೆಯಲ್ಲವೇ?

ಬೂಟಿನ ವಿಷಯ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಕಾಲಿಡಲು ಜಾಗವಿಲ್ಲದ ಲೋಕಲ್ ರೈಲಿನಲ್ಲಿ ನಿಂತು ಬಂದ ಹುಡುಗ, ದೀಪವನ್ನೂ ಹಾಕದೆ, ಬೂಟು ಕೈಯಲ್ಲಿ ಹಿಡಿದು ನಿಮ್ಮ ಹಾಸಿಗೆಯ ಪಕ್ಕದಿಂದ ಬರಿಗಾಲಿನಲ್ಲಿ ಸಾಗುವುದು ಯಾರ ನಿದ್ದೆ ಕೆಡದಿರಲೆಂದು? ಇದನ್ನು ಮರ್ಯಾದೆಯೆಂದೇ ನಾನು ಕರೆಯುತ್ತೇನೆ.

ಊಟದ ಹೊತ್ತಿನ ಮೊಬೈಲ್ ಮಾತ್ರ ಅವನ ತಪ್ಪೇ. ಅದನ್ನು ನೇರವಾಗಿ ಹೇಳಿ, ಮನೆಯ ಉಳಿದವರೂ ತಮ್ಮ ಮೊಬೈಲ್ ಬದಿಗಿಡಲಿ.

ಮಾತು ಬಿಟ್ಟದ್ದು ಸರಿಯಲ್ಲ. ಅಜ್ಜ ಏಕೆ ಮುನಿದಿದ್ದಾರೆಂಬುದು ಅವನಿಗೆ ಇನ್ನೂ ಗೊತ್ತಿರಲಾರದು. ಮನೆಯಲ್ಲಿ ಕೇಳಿಸುತ್ತಿದ್ದ ಅಷ್ಟಿಷ್ಟು ಕನ್ನಡವೂ ಇದರಿಂದ ಕಡಿಮೆಯಾಗಿದೆ. ಇಂದೇ ಹತ್ತಿರ ಕೂರಿಸಿಕೊಂಡು, ಅಂದು ನಿಮಗೆ ಏಕೆ ನೋವಾಯಿತೆಂಬುದನ್ನು ಗದರದೆ ತಿಳಿಸಿ. ‘ಬನ್ನಿ’, ‘ಕುಳಿತುಕೊಳ್ಳಿ’, ‘ಚೆನ್ನಾಗಿದ್ದೀರಾ?’ ಎಂಬ ಮಾತುಗಳನ್ನು ಅವನ ಬಾಯಲ್ಲಿ ಆಡಿಸಿ. ಬರುವ ಭಾನುವಾರ ಅವನನ್ನು ಕರೆದುಕೊಂಡು ಆ ಸ್ನೇಹಿತರ ಮನೆಗೇ ಹೋಗಿ ಬನ್ನಿ. ಹೊರಡುವ ಮುನ್ನ ಅವರಿಗೊಂದು ಫೋನ್ ಮಾಡಿ, ಹುಡುಗ ಮಾತಿನಲ್ಲಿ ಎಡವಿದರೆ ನಗಬಾರದೆಂದು ಹೇಳಿಡಿ.