ಫ್ರೇಮ್ ಅಳೆಯದೆ ಫೋರ್ಕ್ ತರಬೇಡಿ

ಪ್ರಶ್ನೆ: ನನ್ನ ಹಳೇ ಎಂಟಿಬಿಯನ್ನು (ಗುಡ್ಡಗಾಡಿನ ಸೈಕಲ್, ಮೌಂಟನ್ ಬೈಕ್) ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದೇನೆ. ಅಲ್ಯೂಮಿನಿಯಂ ಫ್ರೇಮ್, 27.5 ಇಂಚಿನ ಗಾಲಿ, ಡಿಸ್ಕ್ ಬ್ರೇಕ್. ಮುಂದಿನ ಶಾಕ್ ಫೋರ್ಕ್, 100 ಮಿ.ಮೀ. ಕುಸಿಯುವಂಥದ್ದು, ತುಕ್ಕು ಹಿಡಿದು ಕೂತುಬಿಟ್ಟಿದೆ. ಗೆಳೆಯರು 140 ಹಾಕು, ಗುಡ್ಡ ಇಳಿಯಲು ಮಸ್ತ್ ಇರುತ್ತದೆ ಅನ್ನುತ್ತಾರೆ. ನನ್ನ ತೂಕ 86 ಕೆ.ಜಿ. ಭಾನುವಾರ ಹೊಲದ ದಾರಿ, ಅಪರೂಪಕ್ಕೆ ದಾಂಡೇಲಿ ಕಡೆ. ಯಾವುದು ತಗೊಳ್ಳಲಿ? (ಓದುಗರು, ಧಾರವಾಡ)

ಉತ್ತರ: 140ರ ಆಸೆ ಬಿಡಿ. ನಿಮ್ಮ ಫ್ರೇಮ್ 100ಕ್ಕೆ ಅಂತ ಮಾಡಿದ್ದು. ಫೋರ್ಕ್ 20 ಮಿ.ಮೀ. ಉದ್ದವಾದರೆ ಫೋರ್ಕ್ ನಿಂತ ಕೋನ ಸುಮಾರು 1 ಡಿಗ್ರಿ ಹಿಂದಕ್ಕೆ ವಾಲುತ್ತದೆ, ನಿಮ್ಮದು 40 ಉದ್ದವಾಗುತ್ತದೆ, ಅಂದರೆ ಹೆಚ್ಚುಕಡಿಮೆ 2 ಡಿಗ್ರಿ. ಇಳಿಯುವಾಗ ಚೆಂದ ಅನಿಸಬಹುದು, ಆದರೆ ಏರು ಹತ್ತುವಾಗ ಮುಂದಿನ ಗಾಲಿ ಅತ್ತಿತ್ತ ಅಲೆದಾಡುತ್ತದೆ, ಮೂಗು ಮೇಲೇಳುತ್ತದೆ. ಅದಕ್ಕಿಂತ ದೊಡ್ಡ ಭಯ ಹೆಡ್ ಟ್ಯೂಬಿನದು, ಅಂದರೆ ಫೋರ್ಕ್ ತೂರಿಸುವ ಫ್ರೇಮಿನ ಮುಂದಿನ ಕೊಳವೆಯದು. ಉದ್ದನೆಯ ಫೋರ್ಕ್ ಅಲ್ಲಿ ಸನ್ನೆಕೋಲಿನ ಹಾಗೆ ಎತ್ತುತ್ತದೆ, ಹಳೇ ಅಲ್ಯೂಮಿನಿಯಂ ವೆಲ್ಡಿಂಗ್ ಬಿರುಕು ಬಿಡಲು ಅಷ್ಟು ಸಾಕು. 100 ತಗೊಳ್ಳಿ. ಜಾಸ್ತಿ ಅಂದರೆ 120.

ಅದಕ್ಕೂ ಮೊದಲು ಒಂದು ವರ್ನಿಯರ್ (ಕೊಳವೆಯ ಅಳತೆ ತೆಗೆಯುವ ಸಾಧನ) ಹಿಡಿದು ಕೂರಿ. ಹತ್ತಿರದ ಲೇತ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಹೆಡ್‌ಸೆಟ್ ಕಪ್ (ಹೆಡ್ ಟ್ಯೂಬಿನ ತುದಿಗಳಲ್ಲಿ ಬೇರಿಂಗ್ ಕೂರುವ ಬಟ್ಟಲು) ತೆಗೆದು ಹೆಡ್ ಟ್ಯೂಬಿನ ಒಳ ಅಳತೆ ನೋಡಿ, ಮೇಲೂ ಕೆಳಗೂ. ಎರಡೂ ಕಡೆ 34 ಮಿ.ಮೀ. ಇದ್ದರೆ ನಿಮಗೆ ಆಗುವುದು ನೆಟ್ಟಗಿನ ಸ್ಟೀರರ್ ಮಾತ್ರ, ಅಂದರೆ ಹೆಡ್ ಟ್ಯೂಬಿನೊಳಗೆ ಹೋಗುವ, ಮೇಲಿಂದ ಕೆಳಗಿನವರೆಗೂ 28.6 ಮಿ.ಮೀ. ಇರುವ ಫೋರ್ಕಿನ ಕೊಳವೆ. ಈಗ ಬರುವ ಒಳ್ಳೆಯ ಫೋರ್ಕ್‌ಗಳಲ್ಲಿ ಬಹಳಷ್ಟಕ್ಕೆ ಕೆಳಗೆ ದಪ್ಪವಾಗುವ ಟೇಪರ್ಡ್ ಸ್ಟೀರರ್ ಇರುತ್ತದೆ, ಅದು ಇದರೊಳಗೆ ಹೋಗುವುದೇ ಇಲ್ಲ, ಏನು ತಿಪ್ಪರಲಾಗ ಹಾಕಿದರೂ. ಎರಡೂ ಕಡೆ 44 ಇದ್ದರೆ ನಿಮ್ಮ ನಸೀಬು ಚಲೋ ಇದೆ. ಸರಿಯಾದ ಹೆಡ್‌ಸೆಟ್ ಹಾಕಿ ಎರಡರಲ್ಲಿ ಯಾವುದನ್ನೂ ಕೂರಿಸಬಹುದು.

ಮುಂದಿನದು ಹಬ್, ಗಾಲಿಯ ನಡುವಿನ ಗುಂಬ. ನಿಮ್ಮದು ಹಳೇ ಗಾಲಿ, ಹಾಗಾಗಿ ಲಿವರ್ ತಿರುಗಿಸಿ ಬಿಡಿಸುವ 9 ಮಿ.ಮೀ.ನ ಕ್ವಿಕ್ ರಿಲೀಸ್ ಇರಬೇಕು. ಹೊಸ ಫೋರ್ಕ್‌ಗಳು ಹೆಚ್ಚಾಗಿ 15 ಮಿ.ಮೀ.ನ ಥ್ರೂ ಆಕ್ಸಲ್ (ಹಬ್ಬಿನೊಳಗೆ ಪೂರ್ತಿ ತೂರುವ ದಪ್ಪ ಅಚ್ಚು) ಕೇಳುತ್ತವೆ, ಅದರಲ್ಲೂ ಕೆಲವು 100 ಅಗಲದ ಹಬ್‌ಗೆ, ಕೆಲವು 110ಕ್ಕೆ. ಇದನ್ನು ನೋಡದೆ ತಂದರೆ ಫೋರ್ಕಿನ ಹಿಂದೆ ಹೊಸ ಹಬ್ಬು, ಹಬ್ಬಿನ ಹಿಂದೆ ಹೊಸ ಕಡ್ಡಿ, ಹೀಗೆ ಮನೆಗೆ ಪರದೆ ತರಲು ಹೋಗಿ ಕಿಟಕಿಯನ್ನೇ ಬದಲಾಯಿಸಿದ ಹಾಗಾಗುತ್ತದೆ.

ಸ್ಪ್ರಿಂಗೋ ಗಾಳಿಯೋ? 86 ಕೆ.ಜಿ. ಅಂದಿರಲ್ಲ, ಗಾಳಿ. ಅಗ್ಗದ ಸ್ಪ್ರಿಂಗ್ ಫೋರ್ಕ್ ಒಂದೇ ಬಿಗಿಯಲ್ಲಿ ಬರುತ್ತದೆ, ನಿಮ್ಮ ತೂಕಕ್ಕೆ ಅದು ಪ್ರತಿ ಗುಂಡಿಗೂ ತಳ ಮುಟ್ಟಬಹುದು. ಗಾಳಿಯದಾದರೆ ತೂಕಕ್ಕೆ ತಕ್ಕಂತೆ ತುಂಬಿಕೊಳ್ಳುತ್ತೀರಿ. ಫೋರ್ಕಿನ ಮೇಲಿನ ನುಣುಪು ಕಾಲಿಗೊಂದು ರಬ್ಬರ್ ಬ್ಯಾಂಡ್ ಸುತ್ತಿ ಸೀಲಿಗೆ ತಾಗಿಸಿ, ಮೆಲ್ಲಗೆ ಸೈಕಲ್ ಏರಿ ಕೂತು ಇಳಿಯಿರಿ. ಬ್ಯಾಂಡ್ ಸರಿದಷ್ಟು ಫೋರ್ಕ್ ಕುಸಿದಿರುತ್ತದೆ, 100ರ ಫೋರ್ಕ್ 20 ಮಿ.ಮೀ. ಕುಸಿದಿದ್ದರೆ ಸರಿಯಾಗಿದೆ. ವಾಲ್ವ್ ಬೈಕ್ ಟ್ಯೂಬಿನದರ ಹಾಗೇ ಇರುತ್ತದೆ ಅಂತ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಬೇಡಿ. ಒಳಗಿನ ಜಾಗ ಬಹಳ ಸಣ್ಣದು, ಒಂದು ಪುಸ್ ಅಂದರೆ ಲೆಕ್ಕ ತಪ್ಪುತ್ತದೆ. ಶಾಕ್ ಪಂಪ್ ಅಂತ ಬೇರೆ ಬರುತ್ತದೆ, ಫೋರ್ಕಿನ ಜೊತೆಗೇ ತಗೊಳ್ಳಿ.

ರೀಬೌಂಡ್ ತಿರುಪು ಇದೆಯಾ ಅಂತಲೂ ಕೇಳಿ. ಕುಸಿದದ್ದು ಎಷ್ಟು ಬೇಗ ಮೇಲೆ ಬರಬೇಕು ಅನ್ನುವುದನ್ನು ಅದು ಹಿಡಿದಿಡುತ್ತದೆ. ಅದಿಲ್ಲದ ಫೋರ್ಕ್ ಚಕ್ಕಡಿ ದಾರಿಯ ಕೊರಕಲಿನಲ್ಲಿ ಕುದುರೆ ಹಾಗೆ ಕುಣಿಯುತ್ತದೆ. ಸಂಟೂರ್‌ನ ಎಕ್ಸ್‌ಸಿಆರ್ ಏರ್ ಅಥವಾ ರಾಕ್‌ಶಾಕ್ಸ್‌ನ ಜೂಡಿ ಮಟ್ಟದ್ದು ನಿಮ್ಮ ಓಡಾಟಕ್ಕೆ ಧಾರಾಳ ಸಾಕು.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಸ್ಟೀರರ್ ಉದ್ದ ಕೇಳದೆ ದುಡ್ಡು ಕೊಡಬೇಡಿ. ನಾನು ಕೊಟ್ಟಿದ್ದೆ. ಹೆಡ್ ಟ್ಯೂಬ್ 120, ಹೆಡ್‌ಸೆಟ್ 25, ಸ್ಪೇಸರ್ (ನಡುವಿನ ಬಳೆಗಳು) 20, ಸ್ಟೆಮ್ (ಹ್ಯಾಂಡಲ್ ಹಿಡಿಯುವ ಭಾಗ) 40, ಒಟ್ಟು 205 ಮಿ.ಮೀ. ಬೇಕಿತ್ತು. ಬಂದದ್ದು 180. ಮಾರಿದವರು ಫೋನ್ ಎತ್ತಲಿಲ್ಲ. ನಮ್ಮ ಹುಬ್ಬಳ್ಳಿಯಲ್ಲಿ ಲೇತಿನವರು ಏನು ಬೇಕಾದರೂ ಮಾಡಿಕೊಡುತ್ತಾರೆ ಅನ್ನುವ ಧೈರ್ಯ ಬೇರೆ, ಹೋಗಿ ಕೇಳಿದೆ. ಆ ಹಿರಿಯರು ತಿರುಗಿಸಿ ನೋಡಿ, 'ಜೋಡಿಸಿ ಕೊಡ್ತೀನಿ ಸರ, ಆದ್ರ ನೀವು ಹತ್ತಬ್ಯಾಡ್ರಿ' ಅಂದರು. ಅದು ಇನ್ನೂ ಅಟ್ಟದ ಮೇಲಿದೆ.

ಪ್ರಶ್ನೆ: ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆ. ಲಾಕೌಟ್ (ಶಾಕ್ ಕುಸಿಯದಂತೆ ಬಿಗಿಯುವ ವ್ಯವಸ್ಥೆ) ಇರುವ ಫೋರ್ಕ್ ಹಾಕಿಸಬೇಕಾ? (ವಿದ್ಯಾರ್ಥಿ, ಉಣಕಲ್)

ಉತ್ತರ: ದಿನಾ ಲಾಕ್ ಮಾಡಿಕೊಂಡೇ ಹೋಗುವುದಾದರೆ ಶಾಕ್ ಯಾಕೆ ಬೇಕು, ಹೇಳಿ? ಶಾಕ್ ಇಲ್ಲದ ರಿಜಿಡ್ ಫೋರ್ಕ್ ಹಾಕಿಸಿ, ಉದ್ದ ಮಾತ್ರ ಈಗಿನದಕ್ಕೆ ಹೊಂದಬೇಕು. ಅಗ್ಗದ ಶಾಕಿಗೆ ಹೋಲಿಸಿದರೆ ಒಂದು ಕಿಲೋಗೂ ಜಾಸ್ತಿ ತೂಕ ಇಳಿಯುತ್ತದೆ. ಉಳಿದ ದುಡ್ಡಲ್ಲಿ ಎರಡು ಇಂಚಿನ ಒಳ್ಳೆ ಟೈರ್ ಹಾಕಿ, ಗಾಳಿ ಸ್ವಲ್ಪ ಕಡಿಮೆ ಇಡಿ. ಡಾಂಬರು ರಸ್ತೆಯ ಗಡಗಡಕ್ಕೆ ಅದೇ ಶಾಕ್.

ಪ್ರಶ್ನೆ: ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಓಡಿಸಿದ ಮೇಲೆ ಫೋರ್ಕ್ ಕಿರ್ ಕಿರ್ ಅನ್ನುತ್ತಿದೆ. ವಾಟರ್ ಸರ್ವಿಸ್ ಮಾಡಿಸಿದರೂ ಹೋಗಿಲ್ಲ. (ಓದುಗರು, ಮುಂಡರಗಿ)

ಉತ್ತರ: ಹೋಗಿಲ್ಲ ಅಲ್ಲ, ಅದರಿಂದಲೇ ಜಾಸ್ತಿ ಆಗಿರಬೇಕು. ಆ ಪೈಪಿನ ರಭಸಕ್ಕೆ ಸೀಲಿನ ಹೊರಗಿದ್ದ ಕೆಸರು ಒಳಗೆ ಹೋಗುತ್ತದೆ. ಎರೆಮಣ್ಣು ಒಣಗಿದ ಮೇಲೆ ಕೈಯಿಂದ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಫೋರ್ಕಿನ ಕಾಲುಗಳನ್ನು ಒರೆಸಿ, ಅಷ್ಟೇ. ಹಸಿ ಎರೆಯಲ್ಲಿ ಹೋಗದಿದ್ದರೆ ಇನ್ನೂ ಒಳ್ಳೆಯದು, ಟೈರು-ಫೋರ್ಕಿನ ನಡುವೆ ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ, ನಿಮಗೆ ಗೊತ್ತಿರುವುದೇ. ಕಲ್ಲುನೆಲ ಬೇಕೆಂದು ಕಪ್ಪತಗುಡ್ಡದ ಕಡೆ ಹೊರಟರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, 2019ರಿಂದ ಅದು ವನ್ಯಜೀವಿ ಧಾಮ.

ಈಗಿನ ಸದ್ದಿಗೆ ಫೋರ್ಕಿನ ಕೆಳಗಿನ ಕಾಲು ಬಿಚ್ಚಿಸಿ, ತೊಳೆಸಿ, ಫೋರ್ಕ್ ಎಣ್ಣೆ ಬದಲಿಸಬೇಕು. ರಾಕ್‌ಶಾಕ್ಸ್‌ನವರು 50 ಗಂಟೆಗೊಮ್ಮೆ ಅನ್ನುತ್ತಾರೆ, ವಾರಕ್ಕೆ ಎರಡು ಗಂಟೆ ಓಡಿಸಿದರೆ ವರ್ಷಕ್ಕೆ ಎರಡು ಸಲ. ಮಳೆ ಹಿಡಿಯುವ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಮಾಡಿಸಿ. ಆಮೇಲೆ ಆಗಾಗ ಸೈಕಲ್ಲನ್ನು ರಾತ್ರಿ ತಲೆಕೆಳಗಾಗಿ ನಿಲ್ಲಿಸಿದರೆ ಒಳಗಿನ ಎಣ್ಣೆ ಇಳಿದು ಸೀಲಿನ ಕೆಳಗಿನ ಸ್ಪಂಜು ನೆನೆಯುತ್ತದೆ. ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಬ್ರೇಕ್ ಇದ್ದರೆ ತಲೆಕೆಳಗಾದಾಗ ಒಳಗಿನ ಗಾಳಿ ಪೈಪಿಗೆ ಸೇರಿರಬಹುದು, ಬೆಳಿಗ್ಗೆ ಹೊರಡುವ ಮುಂಚೆ ಲಿವರ್ ನಾಲ್ಕೈದು ಸಲ ಹಿಚುಕಿ ನೋಡಿ, ಮೆತ್ತಗಾಗಿದ್ದರೆ ಹತ್ತಬೇಡಿ.