ಕಪ್ಪು ಬಿಲ್ಲೆ, ಹಸಿರು ಬಿಲ್ಲೆ

ಪ್ರಶ್ನೆ: ರಸಾಯನಶಾಸ್ತ್ರದ ಪ್ರಾಧ್ಯಾಪಕರು ನಿವೃತ್ತಿಯವರೆಗೂ ಒಂದೇ ವಿಷಯ ಹಿಡಿದು ಕೂರುತ್ತಾರೆಯೇ? ನಿಮ್ಮ ವಿಷಯ ಆರಿಸಿಕೊಂಡದ್ದು ಹೇಗೆ?
– ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಆರಿಸಿಕೊಂಡೆ ಅನ್ನುವುದು ದೊಡ್ಡ ಮಾತಮ್ಮ. ಪಿಎಚ್.ಡಿ.ಗೆ ಗೈಡ್ ಪೆರೊವ್‌ಸ್ಕೈಟ್ ಆಕ್ಸೈಡುಗಳನ್ನು, ಅಂದರೆ ಒಂದೇ ಬಗೆಯ ಹರಳು ರಚನೆಯ ಲೋಹದ ಆಕ್ಸೈಡುಗಳ ಕುಟುಂಬವನ್ನು ಕೊಟ್ಟರು, ತೆಗೆದುಕೊಂಡೆ. ಮನೆಯವರಿಗೆ ‘ಪುಡಿ ಅರೆದು ಸುಡುತ್ತೇನೆ’ ಎಂದಷ್ಟೇ ಹೇಳುತ್ತಿದ್ದೆ.

1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಎಂಬ ವಿಜ್ಞಾನಿಗಳು ತಾಮ್ರದ ಆಕ್ಸೈಡೊಂದರಲ್ಲಿ ಅತಿವಾಹಕತೆ, ಅಂದರೆ ತಣಿಸಿದಾಗ ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಗುಣ ಕಂಡರು. ಮರುವರ್ಷ ಇಟ್ರಿಯಂ, ಬೇರಿಯಂ, ತಾಮ್ರ ಸೇರಿದ ಆಕ್ಸೈಡ್ ಬಂತು. ಸುಮಾರು 93 ಕೆಲ್ವಿನ್‌ನಲ್ಲೇ (ಮೈನಸ್ 180 ಡಿಗ್ರಿ ಸೆಲ್ಸಿಯಸ್) ಅದರ ವಿದ್ಯುತ್ ರೋಧ ಮಾಯ! ದ್ರವ ನೈಟ್ರೋಜನ್ ಕುದಿಯುವುದು 77ರಲ್ಲಿ. ಅಂದರೆ ತಣಿಸಲು ಅದೇ ಸಾಕು; ದುಬಾರಿ ದ್ರವ ಹೀಲಿಯಂ ಇಲ್ಲದ ನಮ್ಮಂಥವರಿಗೂ ಬಾಗಿಲು ತೆರೆಯಿತು.

ಅಗೇಟ್ ಕಲ್ಲಿನ ಪುಟ್ಟ ಒರಳಲ್ಲಿ ಮೂರು ಪುಡಿ ಹಾಕಿ ತೋಳು ಸೋಲುವಷ್ಟು ಅರೆದೆ. ಬಿಲ್ಲೆ ಒತ್ತಿ, ಕುಲುಮೆಯಲ್ಲಿ 900 ಡಿಗ್ರಿ ದಾಟಿಸಿದೆ. ಹೊರಬಂದದ್ದು ಗಿಳಿಹಸಿರು! ಅತಿವಾಹಕ ಕಪ್ಪಗಿರಬೇಕು, ಪ್ರಮಾಣ ತಪ್ಪಿದರೆ ಈ ಹಸಿರು ಸಂಯುಕ್ತ ಹುಟ್ಟುತ್ತದೆ. ಮುಂದಿನದು ಕಪ್ಪಗೇ ಬಂತು, ಆದರೆ ಅವಸರದಲ್ಲಿ ಬೇಗ ತಣಿಸಿಬಿಟ್ಟಿದ್ದೆ. ಆಕ್ಸಿಜನ್ ಹರಿಸುತ್ತಾ ನಿಧಾನ ತಣಿಸದಿದ್ದರೆ ಹರಳಿಗೆ ಬೇಕಾದಷ್ಟು ಆಕ್ಸಿಜನ್ ಸೇರುವುದಿಲ್ಲ. ದ್ರವ ನೈಟ್ರೋಜನ್ನಿನಲ್ಲಿ ತಣಿಸಿದ ಮೂರನೆಯ ಬಿಲ್ಲೆಯ ಮೇಲೆ ಅಯಸ್ಕಾಂತದ ಚೂರು ತೇಲಿ ನಿಂತಾಗ (ಅತಿವಾಹಕದ ಗುರುತು ಅದೇ) ಲ್ಯಾಬ್ ಅಟೆಂಡರ್‌ನನ್ನೂ ಕೂಗಿ ಕರೆದಿದ್ದೆ.

ಲೆಕ್ಚರರ್, ರೀಡರ್, ಪ್ರೊಫೆಸರ್ ಎಂಬ ಮೆಟ್ಟಿಲುಗಳು ಅವುಗಳ ಪಾಡಿಗೆ ಬಂದವು. ಆಮೇಲೆ ಅದೇ ಪೆರೊವ್‌ಸ್ಕೈಟ್ ಕುಟುಂಬದ ವೇಗವರ್ಧಕಗಳತ್ತ ಹೊರಳಿದೆ. ವಿಷಯ ಬದಲಾಯಿತೋ ಇಲ್ಲವೋ, ನೀವೇ ಹೇಳಿ. ಒರಳಂತೂ ಅದೇ.